ಶಾಬಂದ್ರಿ ಅಂದರೆ ಏನು? ನಮ್ಮ ಅಡ್ಡಹೆಸರನ್ನು ನಾನು ಹುಡುಕಿದ ಬಗೆ

ಭಟ್ಕಳ ದಾಟಿದರೆ ನನ್ನ ಅಡ್ಡಹೆಸರನ್ನು ಒಂದೇ ಸಲಕ್ಕೆ ಸರಿಯಾಗಿ ಬರೆದುಕೊಳ್ಳುವವರು ಕಡಿಮೆ. ಶಾಬಂದ್ರಿ. ನಾವು ನವಾಯತರು, ಅಂದರೆ ಈ ಕರಾವಳಿಯ ಒಂದು ಮುಸ್ಲಿಂ ಸಮುದಾಯ, ಮನೆಮಾತು ಅರಬ್ಬಿ, ಪರ್ಷಿಯನ್ ಪದಗಳು ಬೆರೆತ ಕೊಂಕಣಿ. ಅರಬ್ ನಾಡಿನಿಂದ ವ್ಯಾಪಾರಕ್ಕೆ ಬಂದು ಇಲ್ಲೇ ನಿಂತವರ ಮಕ್ಕಳು ಎನ್ನುವುದು ನಮ್ಮವರ ನಂಬಿಕೆ. ಹಾಗಾಗಿ ಶಾಬಂದ್ರ ಅಂತ ಅಲ್ಲೆಲ್ಲೋ ಒಂದು ಊರು ಇರಬೇಕು ಅಂತ ಮನೆಯಲ್ಲಿ ಮಾತು. ಇಸ್ಲಾಮಿ ಪಂಚಾಂಗದ ಶಾಬಾನ್ ತಿಂಗಳಿಗೆ ಗಂಟು ಹಾಕುವವರೂ ಇದ್ದರು.

ಮೊದಲು ನಾನು ಹೆಸರು ಯಾವ ಕಾಗದದಲ್ಲಿ ಹೇಗಿದೆ ಅಂತ ನೋಡಿದೆ. ಪಹಣಿ, ರೇಷನ್ ಕಾರ್ಡ್, ಪಾಸ್‌ಪೋರ್ಟ್, ಒಂದೊಂದರಲ್ಲಿ ಒಂದೊಂದು ಥರ. ಕಿವಿಗೆ ಬಿದ್ದಂತೆ ಬರೆದವು, ಜಾಸ್ತಿ ಉಪಯೋಗ ಇಲ್ಲ. ಹಳೆಯ ನಿಕಾಹ್‌ನಾಮೆಯ (ಮದುವೆ ಕರಾರಿನ) ಉರ್ದು ಬರಹದಲ್ಲಿ ಮಾತ್ರ ಶಾಹ್ ಬೇರೆ, ಬಂದರಿ ಬೇರೆ ನಿಂತಿತ್ತು. ನಮ್ಮ ಕನ್ನಡದ ಬಂದರು ಕೂಡ ಅದೇ ಪರ್ಷಿಯನ್ ಪದ ಅಲ್ವಾ! ಶಾಹ್‌ಬಂದರ್ ಅಂದರೆ ಬಂದರಿನ ಒಡೆಯ. 1886ರ ಹಾಬ್ಸನ್-ಜಾಬ್ಸನ್ ನಿಘಂಟಿನಲ್ಲೂ ಈ ಪದ ಇದೆ.

ಅಂದರೆ ಇದು ಹುದ್ದೆ. ಹೊರಗಿನ ಹಡಗು ಬಂದರೆ ನಾಖುದನನ್ನು, ಅಂದರೆ ಹಡಗಿನ ಕಪ್ತಾನನನ್ನು, ಎದುರುಗೊಳ್ಳುವುದು, ಸುಂಕ ನೋಡಿಕೊಳ್ಳುವುದು, ವರ್ತಕರ ಜಗಳ ಬಿಡಿಸುವುದು, ಎಲ್ಲ ಇವನ ತಲೆ ಮೇಲೆ. ಎಷ್ಟೋ ಕಡೆ ಇವನೂ ಪರದೇಶದ ವರ್ತಕನೇ. 14ನೇ ಶತಮಾನದಲ್ಲಿ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಕಲ್ಲಿಕೋಟೆಗೆ ಬಂದಾಗ ಅಲ್ಲಿ ವರ್ತಕರ ಮುಖಂಡ ಇಬ್ರಾಹಿಂ ಶಾಹ್‌ಬಂದರ್, ಬಹ್ರೇನಿನವನು. 1511ರಲ್ಲಿ ಪೋರ್ಚುಗೀಸರು ಹಿಡಿಯುವ ಮುಂಚೆ ಈಗಿನ ಮಲೇಷ್ಯಾದ ಮಲಕ್ಕಾ ಬಂದರಿನಲ್ಲಿ ನಾಲ್ವರು ಶಾಹ್‌ಬಂದರರಿದ್ದರು, ಗುಜರಾತಿ ವರ್ತಕರಿಗೇ ಒಬ್ಬ. ಇಂಡೋನೇಷ್ಯಾದಲ್ಲಿ ಬಂದರಿನ ಅಧಿಕಾರಿಗೆ ಇವತ್ತಿಗೂ ಇದೇ ಹೆಸರು. ವಿಜಯನಗರದ ಕಾಲಕ್ಕೆ ಭಟ್ಕಳದಲ್ಲೂ ಪರ್ಷಿಯನ್ ಕೊಲ್ಲಿಯ ಹೊರ್ಮುಜ್‌ನಿಂದ ಕುದುರೆ ಇಳಿಯುತ್ತಿದ್ದವು, ಇಲ್ಲಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೋಗುತ್ತಿತ್ತು. ಅಂಥ ಊರಲ್ಲಿ ಈ ಹುದ್ದೆಯ ಹೆಸರು ಮನೆತನಕ್ಕೆ ಅಂಟಿಕೊಂಡಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಇಲ್ಲೊಂದು ಬಲೆ ಇದೆ. ಸಿರಿಯಾದಲ್ಲಿ ಅಬ್ದುಲ್ ರಹಮಾನ್ ಶಾಹ್‌ಬಂದರ್ ಅಂತ ದೊಡ್ಡ ರಾಜಕೀಯ ನಾಯಕರಿದ್ದರು, 1940ರಲ್ಲಿ ಕೊಲೆಯಾದರು. ಅವರ ಹೆಸರು ಕಂಡಿದ್ದೇ ತಡ, ನಮ್ಮ ಚಿಕ್ಕಪ್ಪನ ಮಗ ಡಮಾಸ್ಕಸ್‌ನವರೆಲ್ಲ ನಮ್ಮ ನೆಂಟರು ಅಂತ ವಂಶವೃಕ್ಷ ಬರೆಯಲು ಕೂತ. ಅದು ಪಟೇಲ, ಶಾನುಭೋಗ ಅಂತ ಅಡ್ಡಹೆಸರು ಇರುವವರೆಲ್ಲ ಒಂದೇ ವಂಶ ಅಂದ ಹಾಗೆ. ಬಂದರು ಇದ್ದಲ್ಲೆಲ್ಲ ಈ ಹುದ್ದೆ ಇತ್ತು, ಹಾಗಾಗಿ ಹೆಸರೂ ಉಳಿಯಿತು. ರಕ್ತ ಸಂಬಂಧಕ್ಕೆ ಬೇರೆಯದೇ ಪುರಾವೆ ಬೇಕು.

ನಮ್ಮವರಲ್ಲಿ ಯಾರಾದರೂ ಹುಡುಕಲು ಹೊರಟರೆ ಮೊದಲು ಉರ್ದು ಲಿಪಿಯ ಕಾಗದ ಹಿಡಿಯಿರಿ. ಮನೆಯಲ್ಲಿ ಇಲ್ಲದಿದ್ದರೆ ಜಮಾತಿನ ನಿಕಾಹ್ ದಫ್ತರ ಕೇಳಿ ನೋಡಿ. ಆಮೇಲೆ ಹೆಸರು ಹುದ್ದೆಯದೋ ಊರಿನದೋ ಅಂತ ವಿಂಗಡಿಸಿ. ಖತೀಬ್, ಪೇಶಿಮಾಮ್ ಮಸೀದಿಯ ಹುದ್ದೆಗಳು. ಇಕ್ಕೇರಿ ಅಂತ ಇದ್ದರೆ ಸುಮ್ನೆ ಅರೇಬಿಯಾದ ನಕ್ಷೆ ತೆಗೆಯಬೇಡಿ, ಕೆಳದಿ ಅರಸರ ಆ ಊರು ಘಟ್ಟ ಹತ್ತಿದರೆ ಸಾಗರದ ಹತ್ತಿರವೇ ಇದೆ.