ಕಡಿಮೆ ಬಳಕೆಗೆ ಪ್ರೀಪೇಯ್ಡ್ ಫೋನ್ ಕೊಳ್ಳುವ ಮುನ್ನ

ತಿಂಗಳಿಗೆ ನಾಲ್ಕಾರು ಕರೆಯಷ್ಟೇ ಇದ್ದರೆ ಸೆಟ್ಟಿನ ಬೆಲೆಗಿಂತ ಮೊದಲು ರೀಚಾರ್ಜಿನ ವ್ಯಾಲಿಡಿಟಿ ನೋಡಿ. 28 ದಿನದ ಪ್ಯಾಕ್ ಎಂದರೆ ವರ್ಷಕ್ಕೆ 12 ಅಲ್ಲ, 13 ಸಲ ದುಡ್ಡು. ಡೇಟಾ ಕಡಿಮೆ, ಅವಧಿ ಉದ್ದ ಇರುವುದೇ ಲಾಭ.

ಬರೀ 2ಜಿ ಸೆಟ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಹಳೆಯ 2ಜಿ, 3ಜಿ ನೆಟ್‌ವರ್ಕ್‌ಗಳು ಹಲವು ಕಡೆ ಮುಚ್ಚಿವೆ. ಡಬ್ಬದ ಮೇಲೆ 4ಜಿ ಎಂದಿದ್ದರೂ ಸಾಲದು, ವೋಲ್ಟೆ (4ಜಿ ಮೂಲಕವೇ ಕರೆ ಮಾಡುವ ಸೌಲಭ್ಯ) ಇದೆಯೇ ಕೇಳಿ. ಅದಿಲ್ಲದಿದ್ದರೆ, 4ಜಿ ಮಾತ್ರ ಇರುವ ಕಡೆ ಇಂಟರ್‌ನೆಟ್ ಓಡುತ್ತದೆ, ಮಾಮೂಲಿ ಕರೆ ಹೋಗುವುದಿಲ್ಲ. (ಜನ ಬೈಯುವುದು ಮಾತ್ರ ಸಿಮ್ಮನ್ನು!)

ಒಂದೇ ಕಂಪನಿಗೆ ಲಾಕ್ ಆದ ಸೆಟ್ಟಿಗೆ ಬೇರೆ ಸಿಮ್ ಹಿಡಿಸದು. ಅಂಗಡಿಯಲ್ಲೇ ನಿಮ್ಮ ಸಿಮ್ ಹಾಕಿ ಕರೆ ಮಾಡಿ. ಸೆಕೆಂಡ್ ಹ್ಯಾಂಡ್ ಆದರೆ *#06# ಒತ್ತಿ, 15 ಅಂಕಿಯ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಡಬ್ಬದ ಮೇಲಿನದಕ್ಕೆ ತಾಳೆಯಾಗುತ್ತದೆಯೇ ನೋಡಿ. ಬ್ಯಾಟರಿ ಉಬ್ಬಿದ್ದರೆ ಬಿಟ್ಟುಬಿಡಿ.