ಬಿಲ್ಲಿಂಗ್‌ಗೆ ಪೋಸ್ಟ್‌ಗ್ರೆಸ್ಸಾ, ಮಾಂಗೋಡಿಬಿಯಾ?

ಅಂಗಡಿಯ ಬಿಲ್ಲು, ಸ್ಟಾಕು, ಉದ್ರಿ ಲೆಕ್ಕಕ್ಕೆ ಸಾಫ್ಟ್‌ವೇರ್ ಮಾಡುತ್ತಿದ್ದರೆ ಡೇಟಾ ಇಡಲು ಜಾಸ್ತಿ ಯೋಚಿಸದೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಿಂದ ಶುರು ಮಾಡಿ. ಬಿಲ್ಲು ಸೇವ್ ಆಗಿ ಸ್ಟಾಕ್ ಕಡಿಮೆಯಾಗದೇ ಉಳಿದರೆ ತಿಂಗಳ ಕೊನೆಗೆ ಲೆಕ್ಕ ತಾಳೆಯಾಗುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಈ ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಒಟ್ಟಿಗೇ ನಡೆಯಬೇಕಾದ ಕೆಲಸಗಳ ಕಟ್ಟು) ಹಾಕಿದರೆ ಎರಡೂ ಆಗುತ್ತವೆ, ಇಲ್ಲವೇ ಎರಡೂ ಆಗುವುದಿಲ್ಲ. ಇನ್ನೊಂದು ಡೇಟಾಬೇಸ್ ಆದ ಮಾಂಗೋಡಿಬಿಯಲ್ಲೂ 2018ರ 4.0 ಆವೃತ್ತಿಯಿಂದ ಇದು ಸಾಧ್ಯ. ಆದರೆ ಪಟ್ಟಿಯಲ್ಲೇ ಇಲ್ಲದ ಗಿರಾಕಿಯ ಹೆಸರಿಗೆ ಬಿಲ್ಲು ಬೀಳದಂತೆ ತಡೆಯುವ ಫಾರಿನ್ ಕೀ ಅಲ್ಲಿಲ್ಲ. ಅದನ್ನು ನಿಮ್ಮ ಕೋಡೇ ನೋಡಿಕೊಳ್ಳಬೇಕು.

ಸೀರೆಗೆ ಬಣ್ಣ, ಮೊಬೈಲಿಗೆ ರ್ಯಾಮ್, ಹೀಗೆ ಒಂದೊಂದು ಸರಕಿಗೆ ಒಂದೊಂದು ವಿವರ ಬೇಕಲ್ವಾ? ಅದಕ್ಕೆ ಪೋಸ್ಟ್‌ಗ್ರೆಸ್‌ನಲ್ಲೇ ಒಂದು ಜೇಸನ್‌ಬಿ (JSONB) ಕಾಲಂ ಸಾಕು, ಅದರಲ್ಲಿ ಒಂದೊಂದು ಸರಕಿಗೆ ಬೇರೆ ಬೇರೆ ವಿವರ ಇಡಬಹುದು. ಅದಕ್ಕೆ ಜಿನ್ (GIN) ಇಂಡೆಕ್ಸ್, ಅಂದರೆ ಹುಡುಕಲು ನೆರವಾಗುವ ಸೂಚಿ, ಹಾಕಿದರೆ ಹುಡುಕಾಟವೂ ಚುರುಕು.

ಡೇಟಾ ಪೂರ್ತಿ ಡಾಕ್ಯುಮೆಂಟ್ ರೂಪದ್ದೇ (ಒಂದು ವಸ್ತುವಿನ ಎಲ್ಲ ವಿವರ ಒಂದೇ ದಾಖಲೆಯಲ್ಲಿ) ಆಗಿದ್ದರೆ ಮಾಂಗೋ ಸರಿ. ಲೈಸೆನ್ಸ್ ಮಾತ್ರ ಓದಿ: 2018ರಿಂದ ಅದು ಎಸ್‌ಎಸ್‌ಪಿಎಲ್ (ಸರ್ವರ್ ಸೈಡ್ ಪಬ್ಲಿಕ್ ಲೈಸೆನ್ಸ್). ಓಪನ್ ಸೋರ್ಸ್ ಲೈಸೆನ್ಸ್‌ಗಳಿಗೆ ಒಪ್ಪಿಗೆ ಕೊಡುವ ಸಂಸ್ಥೆ ಓಪನ್ ಸೋರ್ಸ್ ಇನಿಷಿಯೇಟಿವ್ ಅದನ್ನು ಓಪನ್ ಸೋರ್ಸ್ ಅಂತ ಒಪ್ಪಿಲ್ಲ.