ಪೀಕ್ ಫ್ಲೋ ಮೀಟರ್: ಊದುವುದು ಹೇಗೆ, ಓದುವುದು ಹೇಗೆ?

ಅಸ್ತಮಾ ಇರುವ ಎಷ್ಟೋ ಮನೆಗಳಲ್ಲಿ ಈ ಮೀಟರ್ ಇರುತ್ತದೆ, ಸರಿಯಾಗಿ ಊದುವವರು ಕಡಿಮೆ. ಅದು ಶ್ವಾಸಕೋಶ ಎಷ್ಟು ಗಾಳಿ ಹಿಡಿಯುತ್ತದೆಂದು ಹೇಳುವುದಿಲ್ಲ. ವಯಸ್ಕ ಗಂಡಸಿನ ಶ್ವಾಸಕೋಶದಲ್ಲಿ ಹಿಡಿಯುವುದೇ ಸುಮಾರು 6 ಲೀಟರ್. ಮೀಟರಿನಲ್ಲಿ 450 ಬಂದರೆ ಅದು ನಿಮಿಷಕ್ಕೆ 450 ಲೀಟರ್ ಲೆಕ್ಕದ, ಉಸಿರು ಹೊರಬೀಳುವ ಕ್ಷಣಮಾತ್ರದ ವೇಗ. ಶ್ವಾಸನಾಳ ಬಿಗಿದರೆ ಈ ವೇಗ ಇಳಿಯುತ್ತದೆ.

ಮುಳ್ಳನ್ನು ತಳಕ್ಕೆ ಎಳೆದು ಎದ್ದು ನಿಲ್ಲಿ.

ಎಲ್ಲರೂ ಎಡವುವುದು ಊದುವಾಗ. ಎದೆ ತುಂಬ ಉಸಿರೆಳೆದುಕೊಂಡು, ತಡಮಾಡದೆ ಕೊಳವೆಯನ್ನು ಹಲ್ಲುಗಳ ನಡುವೆ ಇಟ್ಟು ತುಟಿ ಬಿಗಿಯಿರಿ. ತುಟಿಯಂಚಿನಲ್ಲಿ ಗಾಳಿ ಸೋರಿದರೆ, ನಾಲಿಗೆ ಅಡ್ಡ ಬಂದರೆ, ಬೆರಳು ಮುಳ್ಳಿನ ದಾರಿಗೆ ತಾಗಿದರೆ ಅಂಕಿ ಸುಳ್ಳಾಗುತ್ತದೆ. ಬಲೂನಿಗೆ ಊದುವಂತೆ ಉದ್ದಕ್ಕೆ ಊದಬೇಡಿ. ಒಂದೇ ಏಟಿಗೆ 'ಹಫ್' ಎಂದು ಹೊರದಬ್ಬಿ, ಒಂದು ಸೆಕೆಂಡ್ ಸಾಕು. ಕೆನ್ನೆ ಉಬ್ಬಿಸಿ ಉಗುಳಿದಂತೆ ಊದಿದರೆ ಅಂಕಿ ಇದ್ದದ್ದಕ್ಕಿಂತ ಹೆಚ್ಚು ಬರುತ್ತದೆ, ಅದು ಇನ್ನೂ ಅಪಾಯ. ಮೂರು ಸಲ ಊದಿ, ದೊಡ್ಡ ಅಂಕಿಯನ್ನು ಬರೆದಿಡಿ. ಸರಾಸರಿ ಬೇಡ. ದೊಡ್ಡ ಎರಡು ಅಂಕಿಗಳ ನಡುವೆ 40ಕ್ಕಿಂತ ಹೆಚ್ಚು ಅಂತರವಿದ್ದರೆ ಮತ್ತೆ ಊದಿ.

ಆರಾಮವಾಗಿರುವಾಗ ಎರಡು ವಾರ ಬೆಳಿಗ್ಗೆ–ಸಂಜೆ ಊದಿ ಸಿಕ್ಕ ಗರಿಷ್ಠವೇ ನಿಮ್ಮ ಅಳತೆಗೋಲು. ಪೆಟ್ಟಿಗೆಯೊಳಗಿನ (ವಯಸ್ಸು, ಎತ್ತರಕ್ಕೆ ತಕ್ಕ ಅಂಕಿಗಳ) ಪಟ್ಟಿಗಿಂತ ಅದನ್ನೇ ನಂಬಿ, ಮೀಟರನ್ನೂ ಬದಲಿಸಬೇಡಿ. ಗರಿಷ್ಠ 450 ಆದರೆ 360ರ (ಶೇ 80) ಮೇಲೆ ನಿಶ್ಚಿಂತೆ. 360ರಿಂದ 225ರವರೆಗೆ (ಶೇ 50) ವೈದ್ಯರು ಬರೆದುಕೊಟ್ಟ ಯೋಜನೆಯಂತೆ ಔಷಧ. ಅದಕ್ಕಿಂತ ಕೆಳಗೆ ತುರ್ತು. 150ರ (ಗರಿಷ್ಠದ ಮೂರನೇ ಒಂದು ಭಾಗ) ಕೆಳಗಿಳಿದರೆ ಜೀವಕ್ಕೇ ಅಪಾಯ.

ಕೋವಿಡ್ ಕಾಲದಲ್ಲಿ ಬಹಳ ಮನೆ ಸೇರಿದ ಮೂರು ಚೆಂಡಿನ ಸ್ಪೈರೋಮೀಟರ್ ಈ ಕೆಲಸಕ್ಕೆ ಬಾರದು. ಅದು ಉಸಿರು ಒಳಗೆಳೆಯುವ ವ್ಯಾಯಾಮಕ್ಕೆ. ಫೋನ್ ಕ್ಯಾಮೆರಾದಲ್ಲಿ ಆಮ್ಲಜನಕ ತೋರಿಸುವ ಆ್ಯಪ್‌ಗಳನ್ನಂತೂ ತೆಗೆದುಹಾಕಿ.

ಮಾತು ಪೂರ್ತಿ ಆಡಲಾಗದಷ್ಟು ಏದುಸಿರಿದ್ದರೆ ಮೀಟರ್ ಪಕ್ಕಕ್ಕಿಡಿ, ಮೊದಲು 108ಕ್ಕೆ ಕರೆ ಮಾಡಿ. ರೋಗಿಯನ್ನು ಕೂರಿಸಿ, ಸ್ಪೇಸರ್ (ಇನ್‌ಹೇಲರಿಗೆ ಜೋಡಿಸುವ ಟೊಳ್ಳು ಕೊಳವೆ) ಹಾಕಿ ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಇನ್‌ಹೇಲರನ್ನು ಒಂದೊಂದೇ ಪಫ್ ಕೊಡಿ. ಅವರಿಗೆ ಹೇಳದೆಯೇ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ವಯಸ್ಕರಲ್ಲಿ 25 ದಾಟಿದರೆ ದಾಳಿ ತೀವ್ರವಾಗಿದೆ. ಬೇಗ ಬೇಗ ಉಸಿರಾಡುತ್ತಿದ್ದಾರೆ, ಗಾಳಿ ಸಾಕಷ್ಟು ಹೋಗುತ್ತಿದೆ ಅನ್ನುವ ಲೆಕ್ಕ ತಪ್ಪು. ಪ್ರತಿ ಉಸಿರಿನಲ್ಲೂ ಸುಮಾರು 150 ಮಿ.ಲೀ. ನಾಳದಲ್ಲೇ ಉಳಿಯುತ್ತದೆ. 500 ಮಿ.ಲೀ.ಯ 12 ಉಸಿರಿನಲ್ಲಿ ಗಾಳಿಗೂಡಿಗೆ (ರಕ್ತಕ್ಕೆ ಆಮ್ಲಜನಕ ಸೇರುವ ಪುಟ್ಟ ಚೀಲಗಳಿಗೆ) ಮುಟ್ಟುವುದು 4.2 ಲೀಟರ್, 250 ಮಿ.ಲೀ.ಯ 24 ಉಸಿರಿನಲ್ಲಿ ಬರೀ 2.4. ಏದುಸಿರು ತಾನಾಗಿ ನಿಧಾನವಾಗಿ ಮಂಪರು ಕವಿದರೆ ಅದು ಗುಣವಲ್ಲ, ದಣಿವು. ಆಂಬುಲೆನ್ಸ್‌ನವರಿಗೆ ಮೊದಲು ಅದನ್ನೇ ಹೇಳಿ.